ಬಿಲ್ಲೆ ಹರಳು

ಅದು ಶುರುವಾದದ್ದು ಮಹಾನವಮಿಯ ದಿನ, ಹೊತ್ತೇರಿ ಬಿಸಿಲು ಮೆಟ್ಟಿಲಿಗೆ ಬರುವ ವೇಳೆಗೆ. ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಕಲ್ಲಗುಡಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಕಿಟಕಿಯಿಂದ ನೋಡಿದರೆ ಕೂರಿಗೆಯ ಹಿಂದೆ ನಡೆಯುವ ಹೆಣ್ಣುಮಕ್ಕಳ ಸೆರಗು ಕಾಣುತ್ತಿತ್ತು. ಬಾಳವ್ವ ಕಡುಬಿನ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು, ಯಾರ ಕೈಯನ್ನೂ ಹಿಡಿಯದೆ, ಮೇಲಿನ ಮಹಡಿಗೆ ತಾನೇ ಹತ್ತಿ ಬಂದಳು. ಅವಳು ಹತ್ತುವುದನ್ನು ನೋಡಲಿಕ್ಕೆಂದೇ ಹುಡುಗರು ಮೆಟ್ಟಿಲ ತುದಿಯಲ್ಲಿ ನಿಂತಿರುತ್ತಿದ್ದರು. ಯಾಕೆಂದರೆ ಆ ಕಾಲುಗಳು ಒಂದು ಕಾಲಕ್ಕೆ ಮರವಾಗಿದ್ದವು.

ಮರಬೇನೆ ಆ ಸೀಮೆಗೆ ಹೊಸದಲ್ಲ. ಮೊದಲು ಬೆರಳು ಬಿಗಿಯುತ್ತವೆ, ಆಮೇಲೆ ಮೊಣಕೈ, ಮೊಣಕಾಲು, ಕಡೆಗೆ ಕತ್ತು. ನೋವು ಅಷ್ಟಿಲ್ಲ. ಮನುಷ್ಯ ಒಳಗೆ ಎಚ್ಚರವಾಗಿಯೇ ಇರುತ್ತಾನೆ. ಮೈ ಮಾತ್ರ ಒಲ್ಲೆ ಅನ್ನುತ್ತದೆ. ಅದಕ್ಕೆ ಮದ್ದು ಕಂಡುಹಿಡಿದವನು ಬಾಳವ್ವನ ತಮ್ಮ, ಬಣ್ಣದ ಮನೆತನದ ಪ್ರೊಫೆಸರ್ ಈರಸಂಗಪ್ಪ. ಮದ್ದಿಗೆ ನಾಲಿಗೆ ಹೊರಳದಂಥ ಹೆಸರಿತ್ತು. ಜನ ಅದನ್ನು ಸಡಿಲಗುಳಿಗೆ ಅಂದರು. ದಿನಕ್ಕೊಂದು ನುಂಗಿದರೆ ಮೈ ಮಾತು ಕೇಳುತ್ತಿತ್ತು, ಬಿಟ್ಟರೆ ಮತ್ತೆ ಮರ.

ಈರಸಂಗಪ್ಪನ ಲ್ಯಾಬಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಮದ್ದಿನ ದ್ರಾವಣ ತಣ್ಣಗಾದ ಮೇಲೆ ತಾನಾಗಿ ಹರಳುಗಟ್ಟುವುದಿಲ್ಲ, ಹಟ ಹಿಡಿದು ನೀರಾಗಿಯೇ ನಿಲ್ಲುತ್ತದೆ. ಹಳೆಯ ಹರಳಿನ ಒಂದು ಚಿಟಿಕೆ ಹಾಕಿದರೆ, ಹಾಲಿಗೆ ಹೆಪ್ಪು ಬಿದ್ದಂತೆ, ಒಂದರ ಹಿಂದೊಂದು ಸಾಲು ಹಿಡಿದು ಹರಳಾಗುತ್ತದೆ. ಹಳೆಯದು ಹೇಗೆ ಕೂತಿದೆಯೋ ಹೊಸದೂ ಹಾಗೆಯೇ ಕೂರುತ್ತದೆ. ಮೊಟ್ಟಮೊದಲು ಕೈಗೆ ಹತ್ತಿದ ಹರಳುಗಳನ್ನು ಈರಸಂಗಪ್ಪ ಒಂದು ಗಾಜಿನ ಬಾಟಲಿಯಲ್ಲಿ ಇಟ್ಟಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ತಕ್ಕಡಿ, ಒಲೆ, ಕೊಳವೆಗಳ ನಡುವೆ ಅದನ್ನೂ ಇಟ್ಟು, ವಿಭೂತಿ ಎಳೆದು, ಮುಚ್ಚಳ ತೆಗೆದು ಆರತಿ ಬೆಳಗುವುದು. ಆಮೇಲೆ ಶಿಷ್ಯರಿಗೆಲ್ಲ ಒಂದೊಂದು ಚಿಟಿಕೆ ಹೆಪ್ಪು ಕೊಡುವುದು. ಓದು ಮುಗಿಸಿ ಬೇರೆ ಊರಿನ ಕಾಲೇಜು, ಕಾರ್ಖಾನೆ ಸೇರಿದವರೂ ಆ ದಿನ ಬಂದು ಕೈಯೊಡ್ಡುತ್ತಿದ್ದರು. ಸಡಿಲಗುಳಿಗೆ ಮಾಡುವ ಕಾರ್ಖಾನೆಯ ದೊಡ್ಡ ಹುದ್ದೆಯಲ್ಲಿದ್ದ ರೇಣುಕಾ ಹಡಪದ ಅವನ ಮೊದಲ ಶಿಷ್ಯೆ. ಅವಳೂ ಒಂದು ವರ್ಷ ತಪ್ಪಿಸಿದವಳಲ್ಲ.

ಅಂದು ಆರತಿ ಹಿಡಿದವಳು ಬಾಳವ್ವ.

"ಇನ್ನೊಂದೀಟು ಹತ್ರ ಹಿಡಿ ಅಕ್ಕ," ಅಂದ ಈರಸಂಗಪ್ಪ. "ನಿನ್ನ ಎಬ್ಬಿಸಿದ ದೇವರು ಅದು."

ಬಾಳವ್ವ ಬಾಟಲಿಯ ಬಾಯಿಗೆ ಹತ್ತಿರವಾಗಿ ದೀಪ ಹಿಡಿದಳು. ಗಾಜು ಬೆಚ್ಚಗಾಯಿತು. ಒಳಗಿನ ಬಿಳಿ ಪುಡಿಯಲ್ಲಿ ಕಾಗೆಬಂಗಾರದ ಚೂರಿನಂಥದ್ದು ಏನೋ ಮಿಣಕ್ಕೆಂದಿತು.

"ಛಂದ ಹೊಳೀತದಲ್ಲೋ ಈರಾ."

"ವಯಸ್ಸಾಗೇದಲ್ಲ, ಕಳೆ ಬಂದದ," ಅಂದ ತಮ್ಮ. ಎಲ್ಲರೂ ನಕ್ಕರು.

ಬಾಗಿಲಲ್ಲಿ ಪ್ರೊಫೆಸರ್ ಇನಾಮದಾರ ನಿಂತಿದ್ದ. ಈರಸಂಗಪ್ಪನ ಜೊತೆಗೇ ಕೆಲಸಕ್ಕೆ ಸೇರಿ, ಅವನಿಗಿಂತ ಬಹಳ ಮುಂಚೆ ಪ್ರೊಫೆಸರ್ ಆದವನು. "ಏನ್ ಬಣ್ಣದ, ಇದು ಲ್ಯಾಬೋ ಮಠಾನೋ? ಪ್ರಸಾದ ಹಂಚೂದು ಮುಗೀತಂದ್ರ ನನಗೂ ಎರಡು ಕಡಬು ಕೊಡಸು."

"ಕಡಬು ಬೇಕಾದಷ್ಟು ತಗೋರಿ ಸಾಹೇಬ್ರ," ಅಂದಳು ಬಾಳವ್ವ. "ಹೆಪ್ಪು ಮಾತ್ರ ಕೊಡಂಗಿಲ್ಲ. ನಿಮ್ಮ ಕೈಯಾಗ ಹಾಲೂ ಒಡೀತದ."

ಇನಾಮದಾರ ನಗುತ್ತಲೇ ಕಡುಬು ತಿಂದ. ಅವನ ಹೆಂಡತಿಯೂ ಸಡಿಲಗುಳಿಗೆಯ ಮೇಲೆ ಇದ್ದಳು. ಹೆಪ್ಪಿನ ಬಾಟಲಿಗಳು ಆ ಮಧ್ಯಾಹ್ನದ ಬಸ್ಸು ರೈಲುಗಳಲ್ಲಿ ಊರೂರಿಗೆ ಹೋದವು.

ಈರಸಂಗಪ್ಪನ ಓದಿನ ದಾರಿ ಶುರುವಾದದ್ದು ಗುಳೇದಗುಡ್ಡದ ಬಣ್ಣದ ಹಂಡೆಯ ಪಕ್ಕದಲ್ಲಿ. ಅಪ್ಪ ಕುಪ್ಪಸದ ಖಣ ನೇಯುವವರಿಗೆ ನೂಲು ಅದ್ದಿಕೊಡುತ್ತಿದ್ದ. ನೀಲಿಯ ಹಂಡೆಯಿಂದ ಎತ್ತಿದ ನೂಲು ಮೊದಲು ಹಸಿರಾಗಿ ಕಂಡು, ಗಾಳಿಗೆ ಹಿಡಿದ ಹಾಗೆ ನೀಲಿಯಾಗುತ್ತಿತ್ತು. ಯಾಕಪ್ಪ ಹಿಂಗ ಅಂತ ಹುಡುಗ ಕೇಳಿದರೆ ಅಪ್ಪ, ಗಾಳಿ ಕುಡೀತದೋ ಅನ್ನುತ್ತಿದ್ದ. ಅಷ್ಟಕ್ಕೇ ಸಮಾಧಾನವಾಗದ ಹುಡುಗ ಬಿ.ಎಸ್ಸಿ., ಎಂ.ಎಸ್ಸಿ. ಅಂತ ಓದುತ್ತಲೇ ಹೋದ. ಚಿಕ್ಕಂದಿನಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದಿದ್ದ ಬಾಳವ್ವ, ಅಪ್ಪನ ಜಾಗದಲ್ಲಿ ನಿಂತು ನೂಲು ಅದ್ದಿದಳು. ಕಲ್ಲಗುಡಿಯಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಾಗ ತಮ್ಮ ಮೊದಲು ಮಾಡಿದ ಕೆಲಸ ಅಕ್ಕನನ್ನು ಕರೆಸಿಕೊಂಡದ್ದು. ಅವನು ಮದುವೆಯಾಗಲಿಲ್ಲ. ಮೈಯೆಲ್ಲ ಔಷಧದ ನಾತ, ಯಾವ ಹುಡುಗಿ ಬಂದಾಳು ಅಂತ ನಗುತ್ತಿದ್ದ. ಅಷ್ಟು ನಾತವೇನೂ ಇರಲಿಲ್ಲ ಅಂತ ಬಾಳವ್ವನಿಗೆ ಗೊತ್ತಿತ್ತು.

ಅವನ ವಿಷಯ ಸಾವಯವ ರಸಾಯನ. ಮೊದಲ ವರ್ಷಗಳಲ್ಲಿ ಬಣ್ಣಗಳ ಮೇಲೆ ಕೆಲಸ ಮಾಡಿದ. ಅದರಲ್ಲಿ ಹೆಸರು ಬರುವ ಹೊತ್ತಿಗೆ ಬಾಳವ್ವನ ಬೆರಳು ಬಿಗಿದವು. ಅವನು ಬಣ್ಣ ಬಿಟ್ಟ. ವಿಭಾಗದವರು ಬುದ್ಧಿ ಹೇಳಿದರು, ಬಡ್ತಿ ತಪ್ಪಿತು, ಅವನ ಕೈಕೆಳಗೆ ಬಂದವರು ಮುಂದೆ ಹೋದರು. ಒಂದು ಅಣುವಿಗೆ ಒಂದು ಬಾಲ ಕಟ್ಟುವುದು, ಕೀಳುವುದು, ಮತ್ತೊಂದು ಕಟ್ಟುವುದು. ಅದರಲ್ಲೇ ಅವನ ತಲೆ ನೆರೆಯಿತು. ಬಾಳವ್ವ ಹಾಸಿಗೆ ಹಿಡಿದು ಕತ್ತೂ ಬಿಗಿದ ಮೇಲೆ, ಪರೀಕ್ಷೆಗೆ ಒಪ್ಪಿದ ಮೊದಲ ರೋಗಿಗಳಲ್ಲಿ ಅವಳನ್ನೂ ಸೇರಿಸಿದರು. ಯುಗಾದಿಯ ಮುನ್ನ ಅವಳ ಹೆಬ್ಬೆರಳು ಅಲುಗಿತು. ಆಮೇಲಿನದು ಎಲ್ಲ ಮೆರವಣಿಗೆ. ಪ್ರೊಫೆಸರ್ ಹುದ್ದೆ, ಶಾಲು, ದೂರದ ಊರುಗಳಿಂದ ಶಿಷ್ಯರು. ಬಣ್ಣದ ಸರ್ ಶಿಷ್ಯ ಅಂದರೆ ಯಾವ ಕಾರ್ಖಾನೆಯ ಬಾಗಿಲೂ ತೆರೆಯುತ್ತಿತ್ತು.

ಆ ವರ್ಷದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಬಾಳವ್ವ ರೊಟ್ಟಿ ಬಡಿಯುತ್ತಿದ್ದಾಗ ಕೈ ಅರ್ಧಕ್ಕೆ ನಿಂತಿತು. ಹಿಟ್ಟಿನ ಮೇಲೆ ಅಂಗೈ ಊರಿದ್ದು ಊರಿದ ಹಾಗೆಯೇ ಇತ್ತು. ಅವಳು ಅದನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ತಮ್ಮನಿಗೆ ಹೇಳದೆ, ಬೇಳೆ ಅನ್ನ ಮಾಡಿ ಡಬ್ಬಿ ಕಟ್ಟಿಕೊಂಡು ಲ್ಯಾಬಿಗೆ ನಡೆದಳು.

ಲ್ಯಾಬಿನಲ್ಲಿ ರೇಣುಕಾ ಕೂತಿದ್ದಳು. ಮುಖ ಇಳಿದಿತ್ತು. ಮೇಜಿನ ಮೇಲೆ ಗಾಜಿನ ಪಾತ್ರೆಯಲ್ಲಿ, ಹೊಟ್ಟೆಯ ಬಿಸಿಯಷ್ಟು ಬೆಚ್ಚಗಿದ್ದ ಹುಳಿನೀರಿನಲ್ಲಿ, ಒಂದು ಗುಳಿಗೆ ಬಿದ್ದಿತ್ತು. ಬೆಳಗಿನಿಂದ ಬಿದ್ದಿದೆಯಂತೆ. ಅಂಚು ಕೂಡ ಸವೆದಿರಲಿಲ್ಲ.

"ಎಲ್ಲಾ ಕಡಿ ಹಿಂಗ ಸರ," ಅಂದಳು ರೇಣುಕಾ. "ಮಹಾನವಮಿ ಆದಮ್ಯಾಲಿನ ಎಲ್ಲಾ ಮಾಲು."

ಈರಸಂಗಪ್ಪ ಅಕ್ಕನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಮೊದಲು ಕಳೆದ ವರ್ಷದ ಮಾಲು ತೋರಿಸಿದ: ಹುಲ್ಲಿನ ಬಣವೆ ಕೆದರಿದ ಹಾಗೆ ಸೂಜಿ ಸೂಜಿ ಹರಳು. ಆಮೇಲೆ ಈ ವರ್ಷದ್ದು: ಚಪ್ಪಟೆ ಬಿಲ್ಲೆಗಳು, ಒಂದಕ್ಕೊಂದು ಅಂಟಿ ಕೂತು ಹೊಳೆಯುತ್ತಿದ್ದವು.

"ಮದ್ದು ಕೆಟ್ಟೇತೇನೋ?"

"ಅದೇ ಮದ್ದು ಅಕ್ಕ. ಏನೂ ಬ್ಯಾರೆ ಅಲ್ಲ. ಕುಂದರೂ ರೀತಿ ಬ್ಯಾರೆ ಆಗೇದ. ಮೊದಲು ಸಂತ್ಯಾಗ ನಿಂತಂಗ ನಿಂತಿದ್ದವು. ನಡುವ ಸಂದಿ ಇತ್ತು, ನೀರು ಹೋಗ್ತಿತ್ತು, ಕರಗ್ತಿತ್ತು. ಈಗ ಗ್ವಾಡಿ ಕಟ್ಟಿದಂಗ ಕುಂತಾವ."

"ಮತ್ತ ಮೊದಲಿನಂಗ ಕುಂದ್ರಿಸು."

"ಅದು ಆಗವಲ್ದು. ಈ ಬಿಲ್ಲಿ ಹರಳಿನ ಧೂಳು ಕಣ್ಣಿಗೆ ಕಾಣದಷ್ಟು ಬಿದ್ರೂ ಸಾಕು, ಎಲ್ಲಾ ಹಿಂಗ ಕುಂದರತಾವ. ಅವಕ್ಕ ಇದ ಆರಾಮ."

"ಹುಳಿ ಹೆಪ್ಪು ಬಿದ್ದಂಗ."

ಅವನು ಹೂಂ ಅಂದ. ಆಮೇಲೆ ಅಕ್ಕನ ಬಲಗೈ ನೋಡಿದ. ಅದು ತೊಡೆಯ ಮೇಲೆ, ಹಿಟ್ಟು ಮೆತ್ತಿಕೊಂಡು, ಇಟ್ಟಲ್ಲೇ ಇತ್ತು.

ತನಿಖೆಗೆ ಮೇಲಿನಿಂದ ಒಂದು ಸಮಿತಿ ಬಂತು. ಪೂಜೆಗಿಟ್ಟಿದ್ದ ಆ ಮೊದಲ ಹರಳುಗಳ ಬಾಟಲಿಯಲ್ಲೇ ಬಿಲ್ಲೆ ಹರಳು ಸಿಕ್ಕಿತು. ದೀಪದ ಬಿಸಿಯೋ, ವಿಭೂತಿಯ ಕಣವೋ, ಅಥವಾ ಎಂದಾದರೂ ಒಂದು ದಿನ ಆಗಲೇಬೇಕಿದ್ದದ್ದು ಅಂದು ಆಯಿತೋ, ಯಾರಿಗೂ ಖಚಿತವಾಗಲಿಲ್ಲ. ಹಂಚಿದ್ದು ಮಾತ್ರ ಖಚಿತ. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಬಾಳವ್ವನಿಗೆ ಒಳಗಿನ ಮಾತು ಕೇಳುತ್ತಿತ್ತು.

"ದೀಪ ಯಾರು ಹಿಡಿದಿದ್ರು?"

"ನಾನೇ," ಅಂದ ಈರಸಂಗಪ್ಪ.

ಮನೆಗೆ ಹೋಗುವಾಗ ಅವಳು ಎಡಗೈಯಿಂದ ಅವನ ತೋಳು ಹಿಡಿದು ನಡೆದಳು.

ಹಳೆಯ ಕಾರ್ಖಾನೆಯನ್ನು ತೊಳೆದರು, ಸುಣ್ಣ ಹೊಡೆದರು, ಕಡೆಗೆ ಕೆಡವಿದರು. ಏನು ಮಾಡಿದರೂ ಬಿಲ್ಲೆಯೇ ಬಂತು. ರಾಯಚೂರು ಕಡೆ, ಈ ಪುಡಿಯನ್ನು ಎಂದೂ ಮುಟ್ಟದ ಕೆಲಸಗಾರರನ್ನು ಇಟ್ಟು, ಬರಡು ಬಯಲಿನಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ರೇಣುಕಾ ತಲೆ ಬೋಳಿಸಿಕೊಂಡು, ಬೇರೆ ಮನೆಯಲ್ಲಿ ತಿಂಗಳುಗಟ್ಟಲೆ ಒಬ್ಬಳೇ ಇದ್ದು, ಪರೀಕ್ಷೆ ಮಾಡಿಸಿಕೊಂಡು ಒಳಗೆ ಹೋದಳು. ಅಲ್ಲಿ ಸೂಜಿ ಹರಳು ಮತ್ತೆ ಬಂತು. ಜನ ಉಸಿರುಬಿಟ್ಟರು. ಆ ಸುದ್ದಿ ಕೇಳಿ ಈರಸಂಗಪ್ಪ ಮಗು ಹುಟ್ಟಿದ ಮನೆಗೆ ಹೋಗುವವನಂತೆ ಹೊಸ ಅಂಗಿ ಹಾಕಿಕೊಂಡು ಹೋದ. ಅವನನ್ನೂ ರೇಣುಕಾಳಂತೆಯೇ ತಿಂಗಳುಗಟ್ಟಲೆ ದೂರ ಇಟ್ಟು, ಮೂರು ಸಲ ಮೀಯಿಸಿ, ಬಿಳಿ ಉಡುಪು ತೊಡಿಸಿ ಒಳಗೆ ಬಿಟ್ಟಿದ್ದರು. ಅವನು ಗಾಜಿನ ಆಚೆ ನಿಂತು ಹರಳು ಬೀಳುವುದನ್ನು ನೋಡಿ, ಕಣ್ಣು ಒರೆಸಿಕೊಂಡು, ಊಟ ಮಾಡಿ ಬಂದ. ಮರುದಿನ ಅಲ್ಲಿ ಬಿಲ್ಲೆ ಬಿತ್ತು.

ರೇಣುಕಾ ಅವನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿದಳು. ಎದುರಿಗೆ ಶುದ್ಧ ದ್ರಾವಣದ ಪಾತ್ರೆ. ಸುಮ್ಮನೆ ಉಸಿರಾಡಿರಿ ಸರ ಅಂದಳು. ಅವನು ಒಂದು ಪುಟ ಓದಿ ಮುಗಿಸುವುದರೊಳಗೆ ಪಾತ್ರೆಯ ತಳದಲ್ಲಿ ಹೊಳಪು ಕಂಡಿತು. ಬೇರೆಯವರ ಮೈಯಿಂದ ಕೆಲವು ತಿಂಗಳಲ್ಲಿ ಹೋಗುವಂಥದ್ದು ಅವನ ಮೈಯಿಂದ ಹೋಗುವಂತಿರಲಿಲ್ಲ. ಮೂವತ್ತು ವರ್ಷ ಆ ಪುಡಿಯ ಗಾಳಿ ಕುಡಿದ ಮೈ. ಕೊಬ್ಬಿನಲ್ಲಿ ಕೂತದ್ದೆಲ್ಲ ಈಗ ಬಿಲ್ಲೆಯಾಗಿತ್ತು, ಬೆವರಿನಲ್ಲಿ ಬರುತ್ತಿತ್ತು. ಬದುಕಿರುವ ತನಕ ಹೀಗೇ ಅಂತ ವೈದ್ಯರು ಹೇಳಿದರು. ಅವನಿಗೆ ಅದರಿಂದ ಏನೂ ಆಗುವುದಿಲ್ಲ ಅಂತಲೂ ಹೇಳಿದರು.

ಆ ದಿನ ಅವನು ಮನೆಗೆ ಬಂದವನು ಅಂಗಳದಲ್ಲೇ ನಿಂತ.

"ಒಳಗ ಬಾರೋ. ಚಾ ಆರ್ತದ."

"ನಾನ ಹೆಪ್ಪು ಆಗೇನಿ ಅಕ್ಕ," ಅಂದ ಅವನು.

ಊರು ಬಹಳ ಬೇಗ ಕಲಿತುಬಿಟ್ಟಿತು. ಮರಬೇನೆಯವರು ಇದ್ದ ಮನೆಗಳು ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿದವು. ಸಂತೆಯಲ್ಲಿ ಅವನಿಗೆ ಕಾಯಿಪಲ್ಲೆಯನ್ನು ಉದ್ದ ಕೋಲಿನ ಬುಟ್ಟಿಯಲ್ಲಿ ಚಾಚಿ ಕೊಡುತ್ತಿದ್ದರು. ಬೈದವರು ಯಾರೂ ಇಲ್ಲ; ನಮಸ್ಕಾರ ಸರ ಅಂತ ಹೇಳಿಯೇ ದೂರ ಸರಿಯುತ್ತಿದ್ದರು. ಇನ್ನೂ ದೂರದಲ್ಲಿ ಮತ್ತೊಂದು ಕಾರ್ಖಾನೆ ಎದ್ದಿತು; ಅವನು ಕಾಲಿಡದ ಅಲ್ಲಿ ಸೂಜಿ ಹರಳು ಉಳಿಯಿತು, ಹೊಸ ಗುಳಿಗೆ ಬರತೊಡಗಿತು. ರೇಣುಕಾಳನ್ನು ಬಿಟ್ಟು ಉಳಿದ ಶಿಷ್ಯರನ್ನು ಎಲ್ಲೂ ಒಳಗೆ ಬಿಡಲಿಲ್ಲ. ಅವರು ಗುರುವಿನ ಹೆಸರನ್ನು ಮೊದಲು ಮೆಲ್ಲಗೆ ಹೇಳಿದರು, ಆಮೇಲೆ ಹೇಳುವುದನ್ನೇ ಬಿಟ್ಟರು. ಅವನ ಕೈ ಆಡಿದ ಪ್ರಬಂಧಗಳನ್ನೆಲ್ಲ ಗ್ರಂಥಾಲಯದವರು ಅರಗು ಹಚ್ಚಿದ ಪೆಟ್ಟಿಗೆಯಲ್ಲಿ ತುಂಬಿ ನೆಲಮಾಳಿಗೆಗೆ ಹಾಕಿದರು. ನಿವೃತ್ತಿಯ ದಿನ ವಿಭಾಗದಲ್ಲಿ ಬೀಳ್ಕೊಡುಗೆ ನಡೆಯಿತು. ಅವನ ಕುರ್ಚಿಗೆ ಮಾಲೆ ಹಾಕಿ ಮಾತಾಡಿದರು. ಅವನು ಕೆಳಗೆ ಬೇವಿನ ಮರದಡಿ ನಿಂತು, ಧ್ವನಿವರ್ಧಕದಲ್ಲಿ ತನ್ನ ಗುಣಗಾನ ಕೇಳಿದ. ಮನೆ ಖಾಲಿ ಮಾಡಿ ಅಂತ ವಿಶ್ವವಿದ್ಯಾಲಯ ಹೇಳಲಿಲ್ಲ. ಆ ಮನೆಗೆ ಬರಲು ಯಾರೂ ಒಪ್ಪುವಂತಿರಲಿಲ್ಲ.

ಮಾರನೆಯ ಬೆಳಿಗ್ಗೆ ಇನಾಮದಾರ ಬಂದ. ಗೇಟಿನಿಂದ ಆಚೆ, ರಸ್ತೆಯ ಆ ಬದಿಗೆ ನಿಂತ.

"ಬಣ್ಣದ, ನಿನ್ನ ಮ್ಯಾಲೆ ನನಗ ಭಾಳ ಹೊಟ್ಟಿಕಿಚ್ಚು ಇತ್ತು. ಗೊತ್ತಿತ್ತಲ್ಲ ನಿನಗ."

"ಗೊತ್ತಿತ್ತು."

"ನನ್ನ ಹೆಂಡ್ತಿ ಈಗ ಮತ್ತ ತಾನಾಗಿ ತಲಿ ಬಾಚ್ಕೋತಾಳ. ಹೊಸ ಗುಳಿಗಿ ಹತ್ತೇದ. ನಮ್ಮ ಓಣಿಗುಂಟ ನೀ ವಾಕಿಂಗ್ ಬರಬ್ಯಾಡ. ಕಾಲಿಗೆ ಬೀಳ್ತಿದ್ದೆ, ಹತ್ರ ಬರಾಕ ಬರಂಗಿಲ್ಲ." ಹಾಗೆ ಹೇಳಿ, ದೊಡ್ಡ ಮನೆತನದ ಆ ಮನುಷ್ಯ ರಸ್ತೆಯ ಮಣ್ಣಿನಲ್ಲೇ ಉದ್ದಕ್ಕೆ ಮಲಗಿ ಕೈ ಮುಗಿದ. ಈರಸಂಗಪ್ಪ ಎಬ್ಬಿಸಲು ಎರಡು ಹೆಜ್ಜೆ ಮುಂದೆ ಹೋಗಿ, ಅಲ್ಲಿಗೇ ನಿಂತುಕೊಂಡ. ಅಂದಿನಿಂದ ಅವನು ಗೇಟು ದಾಟಲಿಲ್ಲ. ದಿನಸಿ ಗೇಟಿಗೇ ಬರುತ್ತಿತ್ತು.

ಬಾಳವ್ವನಿಗೂ ಹೊಸ ಗುಳಿಗೆ ಬರುತ್ತಿತ್ತು. ಪ್ರಯೋಜನವಿರಲಿಲ್ಲ. ಗುಳಿಗೆ ಹೊಟ್ಟೆಯಲ್ಲಿ ಕರಗಿದರೂ, ಅವನ ಉಸಿರಿನಿಂದ ಅವಳೊಳಗೆ ಹೋಗಿ ಕೂತ ಕಣಗಳು ಅದನ್ನು ಅಲ್ಲೇ ಮತ್ತೆ ಬಿಲ್ಲೆ ಮಾಡುತ್ತಿದ್ದವು. ಅವನು ಹಿತ್ತಿಲಿನ ಕಟ್ಟಿಗೆ ಕೋಣೆಗೆ ಹಾಸಿಗೆ ಒಯ್ದ. ಆದರೆ ಅವಳ ಕಾಲು ಬಿಗಿದ ಮೇಲೆ ಎತ್ತಿ ಕೂರಿಸಲು, ಮೀಯಿಸಲು, ತುತ್ತು ಕೊಡಲು ಬೇರೆ ಯಾರು? ಒಂದು ಕಾಲಕ್ಕೆ ಅವಳು ಅವನನ್ನು ಎತ್ತಿ ಆಡಿಸಿದ್ದಳು. ಈಗ ಅವನು ಅವಳನ್ನು ಬಾಗಿಲಿಗೆ ಒರಗಿಸಿಟ್ಟ ಹಲಗೆಯ ಹಾಗೆ ಜೋಪಾನವಾಗಿ ಎತ್ತಿ, ಬಿಸಿಲಿಗೆ ಇಟ್ಟು, ನೆರಳಿಗೆ ತರುತ್ತಿದ್ದ. ಉಳಿದ ಹೊತ್ತು ಹಿತ್ತಿಲಿನಲ್ಲಿ ಸೀಸೆ ಕೊಳವೆ ಹೂಡಿಕೊಂಡು, ಬಿಲ್ಲೆ ಹರಳನ್ನು ಕರಗಿಸುವ ದಾರಿ ಹುಡುಕುತ್ತಿದ್ದ. ಇನ್ನೊಂದು ತಿಂಗಳು ಅಕ್ಕ ಅನ್ನುತ್ತಿದ್ದ. ಅವಳು ಆಗಲಿ ಅನ್ನುತ್ತಿದ್ದಳು.

ಅವನ ನಿವೃತ್ತಿಯ ಮರುವರ್ಷ, ಚಳಿ ಇಳಿಯುವ ಹೊತ್ತಿಗೆ ಅವಳ ಕತ್ತು ಬಿಗಿಯಿತು. ಒಂದು ಮಧ್ಯಾಹ್ನ ಅವನು ಹಿತ್ತಿಲಿನಲ್ಲಿದ್ದಾಗ ಗೇಟಿನಿಂದ ರೇಣುಕಾಳ ದನಿ ಕೇಳಿತು. ಬಾಳವ್ವ ಪಡಸಾಲೆಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದಳು, ತಿರುಗಿ ನೋಡಬೇಕಾಗಿರಲಿಲ್ಲ.

"ಅವ್ವಾರ, ನಿಮ್ಮ ಕೂಡ ಮಾತಾಡೂದದ. ನೀವ ಯಾಕ ಒಲ್ಲೆ ಅಂದ್ರಿ?"

"ಏನು ಒಲ್ಲೆ ಅಂದ್ನೆವ್ವ?"

ರೇಣುಕಾ ಗೇಟಿನ ಕಂಬಿ ಹಿಡಿದುಕೊಂಡಳು. ಮತ್ತೆ ಮತ್ತೆ ಬೋಳಿಸಿದ ಕೂದಲು ಬೆರಳುದ್ದವೂ ಬೆಳೆದಿರಲಿಲ್ಲ. "ಆರೈಕಿ ಮನಿ ಕಟ್ಟೇವಲ್ರಿ, ರಾಯಚೂರ ಕಡೆ. ಇಂಥಾ ಮನಿಯಾಗಿನ ರೋಗಿಗಳಿಗೆ ಅಂತ. ಎರಡ ಮೂರ ತಿಂಗಳು ದೂರ ಇದ್ರ ಮೈ ಶುದ್ಧ ಆಗಿ ಗುಳಿಗಿ ಹತ್ತತದ. ನೀವು ಮತ್ತ ಎದ್ದು ಅಡ್ಡಾಡ್ತೀರಿ. ಸರ್‍ಗೆ ಆವಾಗ್ಲೇ ಹೇಳಿದ್ದೆ. ಅಕ್ಕ ಒಲ್ಲೆ ಅಂತಾಳ ಅಂದ್ರು."

"ಹೋಗಿ ಬಾರವ್ವ. ಹೇಳಿ ಕಳಿಸ್ತೀನಿ," ಅಂದಳು ಬಾಳವ್ವ.

ಸಂಜೆ ಅವನು ಗಂಜಿ ತಂದ. ಅವಳು ಎರಡು ತುತ್ತು ಕುಡಿದು ಕೇಳಿದಳು.

"ರೇಣುಕಾ ನಿನಗ ಯಾವಾಗ ಹೇಳಿದ್ಲು?"

ಅವನು ಚಮಚವನ್ನು ಬಟ್ಟಲಿಗಿಟ್ಟ. "ಶ್ರಾವಣದಾಗ."

"ಈಗ ಯಾವ ತಿಂಗಳು?"

"ಪುಷ್ಯ."

ಅವನೇ ಹೇಳಿದ. "ಕರಗಸೂದು ಕಂಡು ಹಿಡೀತೀನಿ, ಆಮ್ಯಾಲೆ ಹೋಗೂ ಪ್ರಸಂಗನ ಇರಂಗಿಲ್ಲ ಅಂತ ತಿಳಕೊಂಡಿದ್ದೆ." ಬಟ್ಟಲನ್ನು ಕೆಳಗಿಟ್ಟ. "ಅದೂ ಸುಳ್ಳು. ಅದು ಕರಗಂಗಿಲ್ಲ ಅಂತ ನನಗ ದಸರಿ ಮುಂಚೆ ಗೊತ್ತಾಗಿತ್ತು. ನೀ ಹೋದ್ರ ಈ ಮನಿಗೆ ಯಾರೂ ಬರಂಗಿಲ್ಲ. ಅದಕ್ಕ ಹೇಳಲಿಲ್ಲ."

ಬಾಳವ್ವ ಅವನ ಮುಖವನ್ನು ನೋಡಬೇಕೆಂದರೂ ಅವನು ಬದಿಗೆ ಕೂತಿದ್ದ. ಕಣ್ಣು ಅಲ್ಲಿಯ ತನಕ ಹೊರಳಲಿಲ್ಲ.

"ಬೈ ಅಕ್ಕ."

"ದವಡಿ ಬಿಗಿದದ. ಬೈಯಾಕ ಹೋದ್ರ ಅರ್ಧಕ್ಕ ನಿಲ್ತದ," ಅಂದಳು ಅವಳು. "ನಾ ಇಲ್ಲೇ ಇರ್ತೀನಿ ಅಂದ್ರ ನೀ ಹೂಂ ಅಂತೀಯೇನು?"

ಕೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಅವನು ಹೂಂ ಅಂದುಬಿಟ್ಟರೆ ತಾನು ಇದ್ದುಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ನಾಳೆ ದವಡೆಯೂ ನಿಂತರೆ, ಹೋಗುತ್ತೇನೆ ಅಂತ ಹೇಳಲಿಕ್ಕೂ ಬರುವುದಿಲ್ಲ.

"ನಾಳಿ ಅವರಾತ್ರಿ ಅಮಾಸಿ," ಅಂದಳು, ಅವನು ಬಾಯಿ ತೆರೆಯುವ ಮುಂಚೆ. "ಅಮಾಸಿ ದಿನ ಬ್ಯಾಡ. ನಾಡದ್ದ ಬಾ ಅಂತ ಆಕಿಗೆ ಫೋನ್ ಮಾಡು. ನನ್ನ ಮುಂದ ಮಾಡು."

ಅವನು ಅವಳ ಮುಂದೆಯೇ ಮಾಡಿದ.

ಬಂದವರು ಇಬ್ಬರು ನರ್ಸುಗಳು ಮತ್ತು ರೇಣುಕಾ. ಬಾಯಿಗೆ ಬಟ್ಟೆ, ಕೈಗೆ ಚೀಲ. ಮನೆಯಿಂದ ಒಂದು ದಾರವೂ ಹೋಗುವಂತಿರಲಿಲ್ಲ. ಅಂಗಳದಲ್ಲಿ ಪರದೆ ಕಟ್ಟಿ ಅವಳ ತಲೆ ಬೋಳಿಸಿದರು. ಇಳಕಲ್ಲ ಸೀರೆ ಬಿಚ್ಚಿ ಬಿಳಿ ನಿಲುವಂಗಿ ತೊಡಿಸಿದರು. ಬಳೆ, ಕೂದಲು, ಸೀರೆ ಮೂರನ್ನೂ ಅಲ್ಲೇ ಸುಟ್ಟರು. ಮೀಯಿಸಲು ಬಿಸಿನೀರು ಈರಸಂಗಪ್ಪ ಕಾಯಿಸಿಟ್ಟಿದ್ದ; ನರ್ಸುಗಳು ಅದನ್ನು ಬಳಸದೆ ತಮ್ಮ ನೀರು ತಂದಿದ್ದರು. ಅವನು ಹಿತ್ತಿಲ ಗೋಡೆಯ ಆಚೆ ಹೋಗಿ ನಿಂತಿದ್ದ. ಹೋಗಿ ಬರ್ತೀನಿ ಅಂತ ಅವಳು ಕೂಗಿ ಹೇಳಬೇಕೆಂದುಕೊಂಡಳು; ದನಿ ಅಷ್ಟು ದೂರ ಹೋಗಲಿಲ್ಲ.

ಗಾಡಿಯಲ್ಲಿ ಅವಳನ್ನು ಮಲಗಿಸಲು ಆಗಲಿಲ್ಲ. ಕೂತ ಭಂಗಿಯಲ್ಲೇ ಮೈ ಬಿಗಿದಿತ್ತು. ಕೂತಂತೆಯೇ ಎತ್ತಿ, ಮುಂದಕ್ಕೆ ಮುಖ ಮಾಡಿ ಇಟ್ಟರು. ಗಾಡಿ ಹೊರಟಿತು. ಎದುರಿಗೆ ರಸ್ತೆ, ಕಡಲೆ ಹೊಲ, ಇನಾಮದಾರನ ಮನೆಯ ಒದ್ದೆ ಗೋಣಿತಟ್ಟು. ಅವಳಿಗೆ ಹಿಂದೆ ತಿರುಗಲು ಬರಲಿಲ್ಲ.

"ರೇಣುಕಾ," ಅಂದಳು. "ಹಿಂದ ನೋಡು. ಏನು ಮಾಡಾಕತ್ತಾನ?"

ರೇಣುಕಾ ತಿರುಗಿ ನೋಡಿದಳು. "ಗೇಟಿನ ತನಕ ಬಂದಾರ ಅವ್ವಾರ."

"ಕೈ ಮಾಡಾಕತ್ತಾನೇನು?"

"ಇಲ್ಲರಿ. ಎರಡೂ ಕೈಲೆ ಬಾಯಿಗೆ ಟವೆಲ್ ಒತ್ತಿ ಹಿಡಿದಾರ. ಗಾಳಿ ಈ ಕಡೀಗೆ ಬೀಸಾಕತ್ತದಲ್ರಿ."

ಬಾಳವ್ವ ಆ ಮನೆ ಬಿಟ್ಟು ಹೋದದ್ದು ಅವರಾತ್ರಿ ಅಮಾವಾಸ್ಯೆಯ ಮರುದಿನ, ಸೋಮವಾರ.